ಮೂರನೆಯ ಚೌಕ

ಬಿಸಿ ಎಸರಿಗೆ ಜೋಳದ ಹಿಟ್ಟು ಸುರಿದು ಪರಾತದಲ್ಲಿ ನಾದುತ್ತಿದ್ದ ಅಹಲ್ಯಾಳ ಕೈ ನಡುವೆಯೇ ನಿಂತುಹೋಯಿತು. ಆಸ್ಪತ್ರೆಗೆ ಬಂದಿದ್ದ ಆ ಮುದುಕಿ ತನ್ನನ್ನು ಪ್ರೇಮಾ ಎಂದು ಕರೆದದ್ದು ಮೊದಲೋ, ತಾನು ನಕ್ಕದ್ದು ಮೊದಲೋ? ನಿನ್ನೆ ಸಂಜೆಯಿಂದ ಇದೊಂದು ಬಗೆಹರಿಯುತ್ತಿಲ್ಲ. ತಾನು ಮೊದಲು ನಕ್ಕಿದ್ದರೆ, ಆ ನಗುವನ್ನು ಕಂಡು ಆಕೆಗೆ ಯಾರದೋ ನೆನಪಾಗಿ ಹೆಸರು ಬಾಯಿಗೆ ಬಂದಿರಬಹುದು. ವಯಸ್ಸಾದವರಿಗೆ ಹೆಸರುಗಳು ಅದಲುಬದಲಾಗುತ್ತವೆ. ತನ್ನ ಅವ್ವನೇ ಒಬ್ಬ ಮಗಳನ್ನು ಕರೆಯಬೇಕಾದರೆ ಮೂವರ ಹೆಸರನ್ನೂ ಹೇಳಿ, ಹಿತ್ತಲಲ್ಲಿ ಕಟ್ಟಿದ ಆಕಳ ಹೆಸರನ್ನೂ ಹೇಳಿ, ಕೊನೆಗೆ “ಯಾಕಿ ಅದೀಯೋ ಆಕಿ ಬಾ” ಎನ್ನುತ್ತಿದ್ದಳು. ಅದನ್ನು ಯಾರೂ ರೋಗ ಎಂದಿರಲಿಲ್ಲ. ಆದರೆ ಕರೆದದ್ದೇ ಮೊದಲಾಗಿದ್ದರೆ, ತಾನು ನಕ್ಕದ್ದು ಆ ಹೆಸರಿಗೆ. ಪ್ರೇಮಾ ಆಗಿ ನಕ್ಕದ್ದು. ಹಿಟ್ಟು ಆರುತ್ತಿತ್ತು. ಆರಿದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆಂದು ಗೊತ್ತಿದ್ದೂ ಅವಳು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದಳು. ಹುಣ್ಣಿಮೆಗೆ ಇನ್ನು ನಾಲ್ಕು ದಿನ. ಅಮಾವಾಸ್ಯೆ ಕಳೆದು ಎಷ್ಟೋ ದಿನವಾಗಿದೆ. ನಿನ್ನೆ ಆಕೆ “ಅಮಾಸಿ ಹತ್ರ ಬಂತಲ್ಲ ತಂಗಿ” ಅಂದಿದ್ದಳು.

“ಲಹರಿ, ಇವತ್ತ ಯಾವ ವಾರ ಹೇಳು,” ಎಂದು ಅವಳು ಒಳಕೋಣೆಯತ್ತ ಕೂಗಿ ಕೇಳಿದಳು.

“ಬಿಳಿ ಶೂ ವಾರ,” ಒಂಬತ್ತು ವರ್ಷದ ಮಗಳು ಜಡೆಯ ರಿಬ್ಬನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದಳು.

“ಅಂದ್ರ?”

“ಅಂದ್ರ ಪಿ.ಟಿ. ಐತಿ ಅಮ್ಮ. ನೀನ ಬಿಳಿ ಶೂ ಒರಸಿ ಇಟ್ಟಿಲ್ಲೇನ?”

ಗಂಡ ಕಾಶಿನಾಥ ಮೌಲಾಲಿಯ ರೈಲ್ವೆ ಶೆಡ್ಡಿಗೆ ಹೊರಡಲು ಗಡಿಯಾರ ಕಟ್ಟಿಕೊಳ್ಳುತ್ತಿದ್ದ. ಅವನನ್ನೂ ಕೇಳಿದಳು. “ತಾರೀಖ ಎಷ್ಟರಿ ಇವತ್ತ?” ಅವನು ಮೊಬೈಲ್ ಹುಡುಕಿದ, ಸಿಗಲಿಲ್ಲ. “ಯಾಕ, ನನಗ ತಲಿ ಸರಿ ಐತೇನಿಲ್ಲ ಅಂತ ನೋಡಾಕತ್ತೀಯೇನು? ನಿನ್ನ ಲಗ್ನಾ ಆದಾಗಿಂದ ಇಲ್ಲ, ಬರ್ಕೊ,” ಎಂದು ನಗುತ್ತ ಡಬ್ಬಿ ಎತ್ತಿಕೊಂಡ. ಅವಳೂ ನಕ್ಕಳು. ನಗುತ್ತಿರುವಾಗಲೇ, ಹಾಗಾದರೆ ಇವರಿಬ್ಬರನ್ನೂ ಯಾರಾದರೂ ಮೇಜಿನ ಮುಂದೆ ಕೂರಿಸಿ ಇದನ್ನೇ ಕೇಳಿದರೆ ಏನಾಗುತ್ತದೆ ಎಂದು ಯೋಚಿಸಿದಳು. ಅಳತೆ ಯಾವುದು? ವಾರ ತಪ್ಪಿದವರೆಲ್ಲ ಬುದ್ಧಿ ತಪ್ಪಿದವರಲ್ಲ ಎನ್ನುವುದು ಇಷ್ಟು ಸುಲಭವಾಗಿ ಸಾಬೀತಾದದ್ದಕ್ಕೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಗಳ ಬಿಳಿ ಶೂ ಒರೆಸುತ್ತ, ಒಂದು ಶೂವನ್ನೇ ಎರಡು ಸಲ ಒರೆಸಿ ಇನ್ನೊಂದನ್ನು ಹಾಗೆಯೇ ಇಟ್ಟಳು.

ಹಿಮಾಯತ್‌ನಗರದ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಬಾಗಿಲ ಪಕ್ಕದ ಮೇಜು ಅವಳದು. ಬಂದವರನ್ನು ಮೊದಲು ನೋಡಿ ಯಾರು ಮಂಚಕ್ಕೆ, ಯಾರು ಕುರ್ಚಿಗೆ ಎಂದು ವಿಂಗಡಿಸುವ ಕೆಲಸ. ಆ ಮೇಜಿನ ಮೇಲೆ ಕಳೆದ ವರ್ಷದಿಂದ ಒಂದು ತಿಳಿಗುಲಾಬಿ ಬಣ್ಣದ ಹಾಳೆಯ ಕಟ್ಟು ಇದೆ. ಸೆಪ್ಸಿಸ್ ಹಾಳೆ. ಮೈಯಲ್ಲಿ ಎಲ್ಲೋ ಇದ್ದ ಸೋಂಕು ಕೈಮೀರಿ, ಮೂತ್ರಪಿಂಡ, ಹೃದಯ, ಮಿದುಳು ಒಂದೊಂದಾಗಿ ಸೋಲತೊಡಗುವುದನ್ನು ಬಾಗಿಲಲ್ಲೇ ಹಿಡಿಯಲು ಮಾಡಿದ್ದು. ಅದರಲ್ಲಿ ಮೂರು ಚೌಕ. ಉಸಿರು ನಿಮಿಷಕ್ಕೆ ಇಪ್ಪತ್ತೆರಡು ಅಥವಾ ಅದಕ್ಕಿಂತ ಹೆಚ್ಚೇ? ಮೇಲಿನ ರಕ್ತದೊತ್ತಡ ನೂರು ಅಥವಾ ಅದಕ್ಕಿಂತ ಕಡಿಮೆಯೇ? ಅರಿವಿನಲ್ಲಿ ಏರುಪೇರು ಇದೆಯೇ? ಎರಡಕ್ಕೆ ಹೌದು ಎಂದು ಬಿದ್ದರೆ ಹಾಳೆಗೆ ಕೆಂಪು ಚೀಟಿ ಅಂಟಿಸಿ ಕೂಗಬೇಕು. ಅಲ್ಲಿಂದ ಒಂದು ಗಂಟೆಯೊಳಗೆ ರಕ್ತ ತೆಗೆದು ರೋಗಾಣು ಪತ್ತೆಯ ಕಲ್ಚರಿಗೆ ಕಳಿಸಿ, ಸಲೈನ್ ಹಚ್ಚಿ, ಆಂಟಿಬಯಾಟಿಕ್ ಹೋಗಬೇಕು. ನಿನ್ನೆ ಹತ್ತೂ ಹತ್ತಕ್ಕೆ ಗಾಲಿಕುರ್ಚಿಯಲ್ಲಿ ಬಂದ ಜಯಮ್ಮನ ಉಸಿರು ಇಪ್ಪತ್ತನಾಲ್ಕು. ಅದು ಹೌದು. ಒತ್ತಡ ನೂರಾ ನಾಲ್ಕು. ಅದು ಇಲ್ಲ. ಮೈ ಬಿಸಿಯೂ ಇರಲಿಲ್ಲ. ಮಗ ಮನೆಯಲ್ಲೇ ಜ್ವರದ ಗುಳಿಗೆ ಕೊಟ್ಟಿದ್ದನೆಂದು ಆಮೇಲೆ ತಿಳಿಯಿತು. ಉಸಿರನ್ನು ಗಡಿಯಾರ ಎಣಿಸಿಕೊಡುತ್ತದೆ, ಒತ್ತಡವನ್ನು ಯಂತ್ರ ಹೇಳುತ್ತದೆ. ಮೂರನೆಯ ಚೌಕವನ್ನು ಮಾತ್ರ ಮನುಷ್ಯರು ಮನುಷ್ಯರನ್ನು ನೋಡಿಯೇ ತುಂಬಬೇಕು.

ಡಾಕ್ಟರ್ ನವದೀಪ ಬಗ್ಗಿ ಆಕೆಯನ್ನು ಮೊದಲು ತೆಲುಗಿನಲ್ಲಿ ಕೇಳಿದ, ಆಮೇಲೆ ಹಿಂದಿಯಲ್ಲಿ. ಆಕೆ ಅವನ ಬಾಯಿಯನ್ನೇ ನೋಡುತ್ತ ಕನ್ನಡದಲ್ಲಿ ಏನೋ ಅಂದಳು. “ಏಮಂಟುಂದಿ?” ಎಂದು ಅವನು ಅಹಲ್ಯಾಳತ್ತ ತಿರುಗಿದ. ಏನು ಹೇಳುತ್ತಿದ್ದಾಳೆ? ಅವಳು ಹೇಳುವ ಮೊದಲೇ, “ನಿಮ್ಮ ಭಾಷೆಯೇ ಅಲ್ವಾ ಸಿಸ್ಟರ್, ನೀವೇ ನೋಡಿ ಬರೆಯಿರಿ,” ಎಂದು ಹಗುರಾಗಿ ಮುಂದಿನ ಮಂಚಕ್ಕೆ ಹೋದ. ಮಗ ಕಾರ್ಖಾನೆಯ ವಿಮೆ ಕಾರ್ಡು ಹಿಡಿದು ಹೆಸರು ಬರೆಸುವ ಕಿಟಕಿಯ ಸಾಲಿನಲ್ಲಿದ್ದ. ಅಹಲ್ಯಾ ಕುರ್ಚಿ ಎಳೆದುಕೊಂಡು ಆಕೆಯ ಮಣಿಕಟ್ಟು ಹಿಡಿದಳು. ಕೈತುಂಬ ಹಸಿರು ಬಳೆ, ಇಳಕಲ್ ಸೀರೆಯ ಸೆರಗು. “ಯವ್ವಾ, ಈಗ ಎಲ್ಲಿ ಅದೀರಿ ನೀವು?” ಎಂದಳು. “ಎಲ್ಲಿ ಇರ್ತೀನಿ, ನಿಮ್ಮ ಮನ್ಯಾಗ ಅದೀನಿ.” ಅಷ್ಟು ಮರ್ಯಾದೆಯ ಮಾತು ಆ ಮೇಜಿನ ಮುಂದೆ ಯಾರೂ ಆಡಿರಲಿಲ್ಲ. ವಾರ ಕೇಳಿದರೆ ಅಮಾವಾಸ್ಯೆ ಎಂದಳು. ಊರಲ್ಲಿ ಯಾವ ಮುದುಕಿ ಬುಧವಾರ ಗುರುವಾರ ಎಣಿಸುತ್ತಾಳೆ? “ಪ್ರೇಮಾ, ಭಾಳ ಸೊರಗೀದಿ ನೋಡು. ಅತ್ತಿಮನ್ಯಾಗ ಹೊಟ್ಟಿತುಂಬ ಹಾಕ್ತಾರೋ ಇಲ್ಲೋ?” ಎಂದು ಆಕೆ ಇನ್ನೊಂದು ಕೈಯಿಂದ ಅಹಲ್ಯಾಳ ಕೆನ್ನೆ ಸವರಿದಳು. “ಹಾಕ್ತಾರ ಬೇ,” ಎಂದಳು ಅಹಲ್ಯಾ. ಅವ್ವನನ್ನು ಕರೆಯುವ ಬೇ ಎನ್ನುವ ಆ ಒಂದು ಅಕ್ಷರ ಅವಳ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ. ಮೂರನೆಯ ಚೌಕದಲ್ಲಿ ಇಲ್ಲ ಎಂದು ಗುರುತು ಹಾಕಿ, ಪಕ್ಕದಲ್ಲಿ ಹತ್ತೂ ಇಪ್ಪತ್ತು ಎಂದು ಬರೆದು, ಕಿಟಕಿಯ ಹತ್ತಿರದ ಗಾಳಿ ಬರುವ ಕುರ್ಚಿಯನ್ನೇ ಆರಿಸಿ ಕೂರಿಸಿದಳು. ಕಾಲಿಗೆ ಹೊದಿಕೆಯನ್ನೂ ಹೊದಿಸಿದಳು.

ಇವತ್ತು ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಹತ್ತಿದಾಗ ಕಂಡಕ್ಟರ್ ಹೆಂಗಸರ ಉಚಿತ ಟಿಕೆಟಿಗೆ ಆಧಾರ್ ಕೇಳಿದ. ಫೋಟೊ ನೋಡಿದ, ಅವಳನ್ನು ನೋಡಿದ. “ಇದು ನೀವೇನಾ?” ಎಂದ. ಹೌದು ಎನ್ನಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಅಷ್ಟಕ್ಕೇ ಅವನು ಇನ್ನೊಮ್ಮೆ ನೋಡಿ ಟಿಕೆಟ್ ಹರಿದು ಕೊಟ್ಟ. ಪಕ್ಕದ ಹೆಂಗಸು ಸರಿದು ಕೂತಳು. ತನಗಾಗಿ ಜಾಗ ಮಾಡಿದಳೋ, ತನ್ನಿಂದ ದೂರ ಸರಿದಳೋ ತಿಳಿಯಲಿಲ್ಲ. ನಿನ್ನೆಯಿಂದ ಎಲ್ಲಕ್ಕೂ ಎರಡೆರಡು ಮುಖ ಕಾಣುತ್ತಿವೆ. ನಿನ್ನೆ ಹನ್ನೊಂದು ಐವತ್ತಕ್ಕೆ, ನೆಲ ಒರೆಸುತ್ತಿದ್ದ ಯಾದಮ್ಮ ಕೋಲನ್ನು ಗೋಡೆಗೆ ಒರಗಿಸಿ ಬಂದು, “ಅಕ್ಕಾ, ಆ ಅಮ್ಮ ಕಿಟಕಿಯ ಸರಳಿನ ಜೊತೆ ಮಾತಾಡುತ್ತಿದ್ದಾಳೆ, ನೋಡು ಒಮ್ಮೆ,” ಅಂದಿದ್ದಳು. ಯಾದಮ್ಮನಿಗೆ ಕನ್ನಡದ ಒಂದು ಮಾತೂ ಬಾರದು. ಮಾತು ತಿಳಿಯದವಳಿಗೆ ತಿಳಿದದ್ದು ಮಾತು ತಿಳಿದ ತನಗೆ ತಿಳಿಯಲಿಲ್ಲ. ಓಡಿಹೋಗಿ ನೋಡಿದಾಗ ಒತ್ತಡ ಎಪ್ಪತ್ತೆಂಟು. ಹೊದಿಕೆಯ ಕೆಳಗೆ ಪಾದ ಕಲ್ಲಿನಂತೆ ತಣ್ಣಗಿತ್ತು. ಕೆಂಪು ಚೀಟಿ, ಮಂಚ, ಎರಡೂ ತೋಳಿಗೆ ಸೂಜಿ. ನರ ಸಿಗದೆ ಹತ್ತು ನಿಮಿಷ ಹೋಯಿತು. ಆಂಟಿಬಯಾಟಿಕ್ ಒಳಗೆ ಹೋದಾಗ ಹನ್ನೆರಡು ಮೂವತ್ತೈದು. “ಬಂದಾಗ ಸರಿಯಾಗಿ ಮಾತಾಡುತ್ತಿದ್ದಳಾ?” ಎಂದು ಡಾಕ್ಟರ್ ಎಲ್ಲರ ಮುಂದೆ ಕೇಳಿದ. “ಮಾತಾಡುತ್ತಿದ್ದಳು,” ಎಂದಳು ಅಹಲ್ಯಾ. ಅವನು ಕೇಳಿದ್ದರಲ್ಲಿ ಸರಿಯಾಗಿ ಎನ್ನುವ ಮಾತನ್ನು ತಾನು ಬಿಟ್ಟು ಉತ್ತರ ಕೊಟ್ಟೆನೆಂದು ಅವಳಿಗೆ ಆಗಲೇ ಗೊತ್ತಿತ್ತು. ಅದನ್ನು ಗಮನಿಸಿದವಳು ಯಾದಮ್ಮ ಒಬ್ಬಳೇ ಇರಬೇಕು. ಅವಳು ಕೋಲು ತೆಗೆದುಕೊಂಡು ನೆಲ ಒರೆಸತೊಡಗಿದಳು. ಇದನ್ನೇ ನೆನೆಯುತ್ತ ಕೂತಿರುವಾಗ ಬಸ್ಸು ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ಅಹಲ್ಯಾ ಮುಂದಿನದರಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದಳು.

ಇನ್‌ಚಾರ್ಜ್ ಸ್ವರೂಪಾ ಸಿಸ್ಟರ್ ತನ್ನ ಕೋಣೆಯ ಬಾಗಿಲು ಮುಂದೆ ಮಾಡಿ, ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟಳು. ಮಾತೆಲ್ಲ ತೆಲುಗಿನಲ್ಲೇ. “ಕೂತ್ಕೊ ಅಮ್ಮಾ. ಮುಖ ಯಾಕೆ ಹೀಗೆ? ತಿಂಡಿ ತಿಂದಿಯಾ ಇಲ್ಲವಾ?”

“ಆಗಿದೆ ಅಕ್ಕಾ.”

“ನಿನ್ನೆಯ ಹಾಳೆ ಹನ್ನೆರಡಕ್ಕೆ ತಪಾಸಣೆಗೆ ಕ್ವಾಲಿಟಿಯವರಿಗೆ ಹೋಗಬೇಕು. ಇಲ್ಲಿ, ಗುರುತಿಸಿದ ಸಮಯ ಅನ್ನುವಲ್ಲಿ ಖಾಲಿ ಬಿಟ್ಟಿದ್ದೀಯ.”

“ಏನು ಬರೀಲಿ?”

“ಗುರುತಿಸಿದ್ದು ಎಷ್ಟಕ್ಕೆ?”

“ಹನ್ನೊಂದು ಐವತ್ತಕ್ಕೆ.”

“ಅದನ್ನೇ ಬರಿ. ಔಷಧ ಹೋದದ್ದು ಹನ್ನೆರಡು ಮೂವತ್ತೈದಕ್ಕೆ. ನಲವತ್ತೈದು ನಿಮಿಷ. ಗಂಟೆಯ ಒಳಗೇ ಇದೆ, ಮುಗಿಯಿತು.”

“ಆದರೆ ಹತ್ತೂ ಇಪ್ಪತ್ತಕ್ಕೇ ಆಕೆ…” ಅಹಲ್ಯಾ ಚಹಾದ ಮೇಲೆ ಕಟ್ಟಿದ ಕೆನೆಯನ್ನು ನೋಡಿದಳು. “ನನ್ನನ್ನು ಮಗಳು ಅಂದುಕೊಂಡಿದ್ದಳು ಅಂತ ಕಾಣುತ್ತದೆ ಅಕ್ಕಾ.”

“ಕಾಣುತ್ತದೆ,” ಸ್ವರೂಪಾ ಆ ಮಾತನ್ನೇ ಎತ್ತಿಕೊಂಡಳು. “ಖಾತ್ರಿ ಇದೆಯಾ? ಇಲ್ಲವಲ್ಲ. ಖಾತ್ರಿ ಇಲ್ಲದ್ದನ್ನು ಬರೆದರೆ ಅದೂ ಸುಳ್ಳೇ. ನಮ್ಮ ಅತ್ತೆ ಇದ್ದಾಳಲ್ಲ, ನನ್ನನ್ನು ಇವತ್ತಿಗೂ ಹಿರಿಸೊಸೆಯ ಹೆಸರಿಂದ ಕರೆಯುತ್ತಾಳೆ, ಬೇಕಂತಲೇ. ನಿನ್ನ ಚೌಕದಲ್ಲಿ ಕೂರಿಸಿದರೆ ಮೂವತ್ತು ವರ್ಷದಿಂದ ಅವಳಿಗೆ ಕೆಂಪು ಚೀಟಿ.” ತಾನೇ ನಕ್ಕು, ಅಹಲ್ಯಾ ನಗದಿರುವುದನ್ನು ಕಂಡು ದನಿ ಇಳಿಸಿದಳು. “ನಾನು ಸುಳ್ಳು ಬರೆ ಅಂತ ಹೇಳುತ್ತಿಲ್ಲಮ್ಮಾ. ಮೂರನೇ ಚೌಕದಲ್ಲಿ ಬರೆದದ್ದು ಬರೆದಾಗಿದೆ. ಅದನ್ನು ಮುಟ್ಟಬೇಡ ಅನ್ನುತ್ತೇನೆ, ಅಷ್ಟೇ. ಮುಟ್ಟಿದರೆ ವಿಚಾರಣೆ, ನಿನ್ನನ್ನು ಬಾಗಿಲ ಮೇಜಿನಿಂದ ತೆಗೆಯುತ್ತಾರೆ, ಆಮೇಲೆ ಎಲ್ಲಿಗೆ ಹಾಕುತ್ತಾರೋ. ಆ ಅಮ್ಮನಿಗೆ ಇದರಿಂದ ಏನಾದರೂ ಬರುತ್ತದಾ?”

ಸ್ವರೂಪಾ ಕೆಟ್ಟವಳಲ್ಲ, ಲಹರಿ ಹುಟ್ಟಿದಾಗ ಮೂರು ತಿಂಗಳು ಅಹಲ್ಯಾಳ ಡ್ಯೂಟಿ ಹಂಚಿಕೊಂಡವಳು. ಹೇಳುತ್ತಿರುವುದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಗುರುತಿಸಿದ್ದು ಹನ್ನೊಂದು ಐವತ್ತಕ್ಕೇ. ಗುರುತಿಸದೇ ಹೋದದ್ದನ್ನು ಬರೆಯಲು ಹಾಳೆಯಲ್ಲಿ ಜಾಗವೇ ಇಲ್ಲ. ಹಾಗಿದ್ದೂ ಅವಳು ಅಲ್ಲಿ ಏನನ್ನೂ ಬರೆಯದೆ ಹಾಳೆಯನ್ನು ಫೈಲಿಗೆ ಸೇರಿಸಿಕೊಂಡು ಹೊರಬಂದಳು. ಸಮಯ ಬರೆದು ಸಹಿ ಹಾಕಿದರೆ ಆಯಿತು. ಸಹಿಗೆ ಬೇಕಾದ ಪೆನ್ನು ಕಿಸೆಯಲ್ಲೇ ಇತ್ತು. ಅವಳು ಮೇಜಿನ ಕಡೆ ಹೋಗುವ ಬದಲು ಮೆಟ್ಟಿಲು ಹತ್ತಿದಳು. ಜಯಮ್ಮ ಇದ್ದ ಐ.ಸಿ.ಯು. ಮೂರನೆಯ ಮಹಡಿಯಲ್ಲಿ. ಆಕೆಯನ್ನು ಒಮ್ಮೆ ನೋಡಿದರೆ ನಿನ್ನೆಯದು ನೆನಪಾಗಬಹುದು, ಯಾವುದು ಮೊದಲು ಎಂದು ತಿಳಿಯಬಹುದು ಎಂದುಕೊಂಡಳು. ಕಣ್ಣು ಮುಚ್ಚಿ ಮಲಗಿದವರ ಮುಖದಲ್ಲಿ ಅದನ್ನು ಹೇಗೆ ಓದುತ್ತಾರೆ ಎಂದು ಎರಡನೆಯ ಮಹಡಿಯಲ್ಲಿ ಅನಿಸಿತು. ಆದರೂ ಹತ್ತಿದಳು.

ಲಿಫ್ಟಿನ ಎದುರಿನ ಬೆಂಚಿನ ಮೇಲೆ ಮಗ ಅಮರಯ್ಯ ಕೂತಿದ್ದ. ಐವತ್ತರ ಹತ್ತಿರದ ಗಂಡಸು, ನಿನ್ನೆಯ ಅಂಗಿಯಲ್ಲೇ ಇದ್ದ. ಅವಳನ್ನು ಕಂಡವನೇ ಎದ್ದು ನಿಂತ. ತನಗಾಗಿ ಎದ್ದು ನಿಲ್ಲುವವರನ್ನು ಕಂಡು ಅವಳಿಗೆ ತಿರುಗಿ ಇಳಿದುಬಿಡೋಣ ಅನಿಸಿತು.

“ಸಿಸ್ಟರ್, ನಿನ್ನಿ ನಮ್ಮವ್ವನ ಕೂಡ ಮಾತಾಡಿದವ್ರು ನೀವ ಅಲ್ಲೇನರಿ? ಬರ್ರಿ, ಕುಂದರ್ರಿ.”

“ಹೆಂಗ ಅದಾರರಿ?”

“ಹಂಗ ಅದಾಳರಿ. ಬಾಯಾಗ ಕೊಳವಿ ಹಾಕ್ಯಾರ. ಎಳ್ಡ ದಿನಾ ಹೋಗ್ಲಿ, ಆಮ್ಯಾಲ ಹೇಳ್ತೀವಿ ಅಂತಾರ.” ಅವನು ಕೈಬೆರಳ ನೆಟಿಗೆ ಮುರಿದ. “ನಿಮ್ಮನ್ನ ಹುಡುಕಾಕತ್ತಿದ್ದೆ ನಾನು. ಒಂದ ಮಾತ ಕೇಳಬೇಕಿತ್ತು. ನಿಮ್ಮ ಕೂಡ ಮಾತಾಡೂಮುಂದ ಅಕಿ ಶುದ್ಧಿ ಮ್ಯಾಲ ಇದ್ಲಲ್ಲರಿ?”

ಹಾಳೆಯಲ್ಲಿ ಇದ್ದದ್ದೂ ಅದೇ ಪ್ರಶ್ನೆ. ಅಹಲ್ಯಾ ಬೆಂಚಿನ ಮೇಲೆ ಕೂತು, ಫೈಲನ್ನು ತೊಡೆಯ ಮೇಲೆ ಅಡ್ಡ ಹಿಡಿದು, “ಯಾಕರಿ?” ಎಂದಳು.

“ನನ್ನ ಹೆಂಡ್ತಿ ತೆಲುಗಿನಕಿರಿ. ಹನ್ನೆರಡ ವರ್ಷ ಆತು ಲಗ್ನ ಆಗಿ. ನಮ್ಮವ್ವ ಅಕಿ ಕೈಲೆ ಒಂದ ತುತ್ತ ತಿಂದಾಕಿಲ್ಲ. ಒಂದ ಅಡಗಿಮನಿ, ಎಳ್ಡ ಒಲಿ. ಅಕಿ ಹೆಸರೂ ತಗೀತಿದ್ದಿಲ್ಲ, ಏ ಅಂತ ಕರೀತಿದ್ಲು.” ಅವನು ನೆಲ ನೋಡುತ್ತ ಮುಂದುವರಿಸಿದ. “ನಿನ್ನಿ ಆಟೋದಾಗ ಬರೂಮುಂದ ನನ್ನ ಕೈ ಹಿಡದು ಅಂದ್ಲರಿ, ಅಮರಾ, ನಿನ್ನ ಹೆಂಡ್ತಿ ಛಲೋಕಿ ಅದಾಳೋ, ನಾನ ಹಟಾ ಹಿಡದೆ ಅಂತ. ಹಿಂಗ ಅಂದ್ಲು, ನನ್ನ ಕಿವಿಲೆ ಕೇಳೀನಿ. ಸಂಜಿಕ ಮನಿಗೆ ಹೋಗಿ ಹೆಂಡ್ತಿಗೆ ಹೇಳಿದೆ. ಅಕಿ ಅಡಗಿಮನ್ಯಾಗ ಹೋಗಿ ಅವ್ವನ ಒಲಿ ಮುಂದ ಕುಂತು ಅತ್ಲು. ಆಮ್ಯಾಲ ಕೇಳಿದ್ಲು, ಅತ್ತಿಗೆ ಎಚ್ಚರ ಇತ್ತಾ ಹಂಗ ಅನ್ನೂಮುಂದ ಅಂತ. ಇತ್ತು, ಸಿಸ್ಟರ್ ಕೂಡ ಹತ್ತೂವರಿಗೆ ಛಲೋ ಮಾತಾಡ್ಯಾಳ, ನಾ ಕೇಳಿ ಬರ್ತೀನಿ ಅಂದೆ.”

ಹೌದು ಎನ್ನುವುದು ಎಷ್ಟು ಸಣ್ಣ ಮಾತು. ಆ ಒಂದು ಮಾತಿನಿಂದ ಈ ಮನುಷ್ಯ ಮನೆಗೆ ಹೋಗಿ ಹೆಂಡತಿಯ ಮುಂದೆ ನಿಲ್ಲಬಹುದು, ಸ್ವರೂಪಾ ಹನ್ನೆರಡಕ್ಕೆ ಹಾಳೆ ಕಳಿಸಬಹುದು, ತಾನು ಮೇಜಿಗೆ ಮರಳಬಹುದು. ಯಾರಿಗೂ ಕೆಡುಕಿಲ್ಲ. ಬರೆದೂ ಆಗಿದೆ, ತನ್ನದೇ ಅಕ್ಷರ. ಅಹಲ್ಯಾ ಬಾಯಿ ತೆರೆದಳು. ತೆರೆದಾಗ ಬಂದದ್ದು, “ನನ್ನ ಪ್ರೇಮಾ ಅಂದ್ರರಿ,” ಎಂದು.

“ಪ್ರೇಮಾ ನನ್ನ ತಂಗಿರಿ, ಹುಬ್ಬಳ್ಳ್ಯಾಗ ಅದಾಳ.” ಅಮರಯ್ಯನ ಮುಖ ಬೆಳಗಿತು. “ನಿಮ್ಮ ಮಾರಿ ಸ್ವಲ್ಪ ಹಂಗ ಐತಿ. ಅದಕ್ಕ ಅಂದಿರಬೇಕು.”

ಅವನೇ ದಾರಿ ಮಾಡಿಕೊಡುತ್ತಿದ್ದ. ಅವಳು ಅದರಲ್ಲಿ ಒಂದು ಹೆಜ್ಜೆ ಇಟ್ಟಳು ಕೂಡ; ಇರಬೇಕು ಎನ್ನುವಷ್ಟು ತಲೆಯಾಡಿಸಿದಳು. ನಿನ್ನೆ ಅವಳ ಕೆನ್ನೆಯ ಮೇಲೆ ಜಯಮ್ಮನ ಬೆರಳುಗಳು ಎಷ್ಟು ಒರಟಾಗಿ, ಎಷ್ಟು ತಣ್ಣಗೆ ಇದ್ದವೆಂದು ಆಗ ನೆನಪಾಯಿತು. ತಣ್ಣಗಿದ್ದವು. ಅದನ್ನು ಅವಳ ಕೆನ್ನೆ ಗುರುತಿಸಿತ್ತು, ಅವಳು ಗುರುತಿಸಿರಲಿಲ್ಲ. ಗುರುತಿಸಿದ್ದರೆ ಆಕೆಯನ್ನು ಮಂಚಕ್ಕೆ ಕಳಿಸಬೇಕಿತ್ತು, ಆ ಕೈ ಕೆನ್ನೆಯಿಂದ ಸರಿದುಹೋಗುತ್ತಿತ್ತು. ಅದು ಅವಳಿಗೆ ಬೇಕಿರಲಿಲ್ಲ.

“ಹಂಗ ಅಲ್ಲರಿ,” ಎಂದಳು. “ನಾನ ಪ್ರೇಮಾ ಅಂತ ತಿಳಿದಿದ್ರು ಅವರು. ಇದು ದವಾಖಾನಿ ಅಂತ ಗೊತ್ತಿದ್ದಿಲ್ಲ ಅವರಿಗೆ, ಪ್ರೇಮಾನ ಮನ್ಯಾಗ ಅದೀನಿ ಅಂತ ತಿಳಿದಿದ್ರು. ಆಗಲೇ ಶುದ್ಧಿ ತಪ್ಪಿತ್ತು. ನಾ ನೋಡಬೇಕಾಗಿದ್ದು ಅದನ್ನ. ನೋಡ್ಲಿಲ್ಲ. ನಿಮ್ಮನ್ನ ಕರದು, ದಿನಾ ಹಿಂಗ ಮಾತಾಡ್ತಾರೇನು ಅಂತ ಒಂದ ಮಾತ ಕೇಳಿದ್ರ ಸಾಕಿತ್ತು. ಕೇಳ್ಲಿಲ್ಲ. ಎಲ್ಲಾ ಸರಿ ಐತಿ ಅಂತ ಬರದು ಕುರ್ಚಿ ಮ್ಯಾಲ ಕುಂದ್ರಿಸಿದೆ. ಔಷಧ ಒಂದೂವರಿ ತಾಸು ತಡಾ ಆತು. ಅದು ನನ್ನಿಂದ ಆತರಿ.”

ಕೆಳಗೆ ಹೋದರೆ ಇದನ್ನು ಬರೆಯುವುದು ತನ್ನಿಂದ ಆಗದು ಎಂದು ತಿಳಿದು ಅವಳು ಅಲ್ಲೇ ಫೈಲು ತೆರೆದಳು. ಮೂರನೆಯ ಚೌಕದ ಇಲ್ಲ ಎನ್ನುವುದರ ಮೇಲೆ ಒಂದು ಗೆರೆ ಎಳೆದು, ಹೌದು ಎನ್ನುವುದಕ್ಕೆ ಗುರುತು ಹಾಕಿ, ಹತ್ತೂ ಇಪ್ಪತ್ತಕ್ಕೇ ಇತ್ತು, ನಾನು ಗುರುತಿಸಲಿಲ್ಲ ಎಂದು ಅಂಚಿನಲ್ಲಿ ಬರೆದು, ಈಗಿನ ಹೊತ್ತು ಹಾಕಿ ಸಹಿ ಮಾಡಿದಳು. ಅಂಚು ಸಾಲದೆ ಕೊನೆಯ ಅಕ್ಷರಗಳು ಒಂದರ ಮೇಲೊಂದು ಏರಿದವು. ಅಮರಯ್ಯ ಪೆನ್ನು ಓಡುವುದನ್ನೇ ನೋಡುತ್ತಿದ್ದ. ಬೈಯುತ್ತಾನೆ ಎಂದು ಅವಳು ಕಾದಳು, ಬೈದರೆ ಒಳ್ಳೆಯದಿತ್ತು. ಲಿಫ್ಟು ಬಂದು ಬಾಗಿಲು ತೆರೆದು, ಯಾರೂ ಇಳಿಯದೆ, ಮತ್ತೆ ಮುಚ್ಚಿತು.

“ಹಂಗಂದ್ರ,” ಎಂದ ಅವನು, “ಆಟೋದಾಗ ನನಗ ಅಂದಿದ್ದು?”

ಅವಳು ಪೆನ್ನಿನ ಮುಚ್ಚಳ ಹಾಕಲು ನೋಡಿದಳು. ಅದು ಕೂರಲಿಲ್ಲ. ಆ ಮಾತನ್ನು ಆಕೆ ಯಾವ ಮನಸ್ಸಿನಿಂದ ಅಂದಳು, ಹನ್ನೆರಡು ವರ್ಷದ ಹಟ ಜ್ವರದಲ್ಲಿ ಕರಗಿತೋ, ಜ್ವರವೇ ಆ ಮಾತನ್ನು ಆಡಿಸಿತೋ, ಈ ಕಟ್ಟಡದಲ್ಲಿ ಅದನ್ನು ಹೇಳಬಲ್ಲವಳು ತಾನೊಬ್ಬಳೇ ಎಂಬಂತೆ ಅವನು ನೋಡುತ್ತಿದ್ದ.

“ಅದು ನನಗ ಗೊತ್ತಿಲ್ಲರಿ,” ಎಂದಳು.

“ನಿನ್ನಿ ಗೊತ್ತಿತ್ತಲ್ಲರಿ ನಿಮಗ,” ಎಂದ ಅಮರಯ್ಯ.